ಎಲ್ಲವೂ ‘ಕೊಡು’ ಆದರೆ ಇಂಗ್ಲಿಷಿನಲ್ಲಿ ಯಾವುದು? ಗಿವ್, ಹ್ಯಾಂಡ್, ಪಾಸ್ ಮತ್ತವುಗಳ ಬಳಗ

ಪ್ರಶ್ನೆ: ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಬೆಂಗಳೂರಿನ ಒಂದು ಕಂಪನಿಯ ಆಡಳಿತ ವಿಭಾಗದಲ್ಲಿದ್ದೇನೆ. ದಿನವಿಡೀ ಇಮೇಲ್ ಬರೆಯುವ ಕೆಲಸ. ಬೀಗದ ಕೈ ಕೊಟ್ಟೆ, ಲ್ಯಾಪ್‌ಟಾಪ್ ವಾಪಸ್ ಕೊಟ್ಟರು, ವಿಷಯ ಮುಟ್ಟಿಸಿದೆ, ಪಾರ್ಸೆಲ್ ಕೊಟ್ಟು ಹೋದರು ಎನ್ನುವುದನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯಬೇಕಾದಾಗ ಗಿವ್, ಹ್ಯಾಂಡ್ ಓವರ್, ಪಾಸ್, ಪಾಸ್ ಆನ್, ಡೆಲಿವರ್, ಸಬ್ಮಿಟ್, ಕನ್ವೇ ಇವುಗಳಲ್ಲಿ ಯಾವುದು ಸರಿ ಎಂದು ತಿಳಿಯದೆ ಕೈ ನಿಂತುಬಿಡುತ್ತದೆ. ನಿಘಂಟು ತೆರೆದರೆ ಎಲ್ಲದಕ್ಕೂ ‘ಕೊಡು’, ‘ನೀಡು’, ‘ಒಪ್ಪಿಸು’ ಎಂದೇ ಇದೆ. ವ್ಯತ್ಯಾಸ ಹಿಡಿಯುವುದು ಹೇಗೆ?

ಉತ್ತರ: ನಿಮ್ಮ ನಿಘಂಟು ಸುಳ್ಳು ಹೇಳುತ್ತಿಲ್ಲ. ಈ ಪದಗಳೆಲ್ಲದರ ಹೊಟ್ಟೆಯಲ್ಲಿರುವುದು ‘ಕೊಡು’ವೇ. ಆದರೆ ಪ್ರತಿ ಕ್ರಿಯಾಪದವೂ ಕೊಡುವುದರ ಜೊತೆಗೆ ಇನ್ನೊಂದು ಮಾತನ್ನು ಹೇಳುತ್ತದೆ: ಆ ವಸ್ತು ಮೊದಲು ಯಾರದಾಗಿತ್ತು, ಈಗ ಯಾರದು. ಪದ ಆರಿಸುವ ಮುಂಚೆ ಇದೊಂದು ಪ್ರಶ್ನೆ ಕೇಳಿಕೊಂಡರೆ ಮುಕ್ಕಾಲು ಪಾಲು ಗೊಂದಲ ಅಲ್ಲೇ ಬಗೆಹರಿಯುತ್ತದೆ. ಉಳಿದ ಕಾಲು ಪಾಲು ವ್ಯಾಕರಣದ್ದು. ಅದನ್ನು ಆಮೇಲೆ ನೋಡೋಣ.

ಮೊದಲು ಸರಳವಾದ ಗಿವ್. ಸರಳ ಎನ್ನುತ್ತೇವಾದರೂ ನಮ್ಮ ‘ಕೊಡು’ವಿಗೂ ಅದಕ್ಕೂ ಒಂದು ದೊಡ್ಡ ಅಂತರವಿದೆ. ಕನ್ನಡದಲ್ಲಿ ‘ಕಾಫಿ ಕೊಟ್ರು, ನಾನು ತಗೊಳ್ಳಲಿಲ್ಲ’ ಎಂದು ನಿರಾಯಾಸವಾಗಿ ಹೇಳುತ್ತೇವೆ. ‘ದುಡ್ಡು ಕೊಟ್ಟೆ, ಮುಟ್ಟಲೇ ಇಲ್ಲ’ ಎನ್ನುತ್ತೇವೆ. ಕೊಡುವವರು ಕೈ ಚಾಚಿದರೆ ನಮ್ಮ ‘ಕೊಡು’ ಮುಗಿಯಿತು. ಇಂಗ್ಲಿಷಿನ ಗಿವ್ ಹಾಗಲ್ಲ, ಅದು ಮುಗಿಯುವುದು ತೆಗೆದುಕೊಳ್ಳುವವರ ಕಡೆಯಲ್ಲಿ. ‘ಶಿ ಗೇವ್ ಮಿ ಕಾಫಿ’ ಎಂದಮೇಲೆ ಲೋಟ ನಿಮ್ಮ ಕೈಗೆ ಬಂದಾಯಿತು, ‘ಬಟ್ ಐ ಡಿಡಂಟ್ ಟೇಕ್ ಇಟ್’ ಎಂದು ಮುಂದುವರಿಸಿದರೆ ಕೇಳುವವರಿಗೆ ವಿಚಿತ್ರವೆನಿಸುತ್ತದೆ. ಕೈ ಚಾಚಿದ್ದಷ್ಟೇ ಹೇಳಬೇಕಾದರೆ ಅಲ್ಲಿ ಆಫರ್ ಬೇಕು: ‘ಶಿ ಆಫರ್ಡ್ ಮಿ ಕಾಫಿ.’ ಕೆಲಸದ ವಿಷಯದಲ್ಲಿಯೂ ಹೀಗೇ. ಅಭ್ಯರ್ಥಿ ಇನ್ನೂ ಒಪ್ಪದೇ ಇರುವಾಗ ‘ವಿ ಹ್ಯಾವ್ ಗಿವನ್ ಹರ್ ದ ಜಾಬ್’ ಎಂದು ಬರೆದರೆ ಓದಿದವರು ವಿಷಯ ಮುಗಿಯಿತು ಎಂದುಕೊಳ್ಳುತ್ತಾರೆ. ನಮ್ಮವರ ಇಮೇಲ್‌ಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಎಡವಟ್ಟು ಇದು. ವ್ಯಾಕರಣ ಸರಿಯಾಗಿಯೇ ಇರುವುದರಿಂದ ಯಾರೂ ತಿದ್ದುವುದಿಲ್ಲ.

ಈಗ ಹ್ಯಾಂಡ್ ಮತ್ತು ಪಾಸ್. ಇಬ್ಬರು ಎದುರೆದುರು ಇದ್ದು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ವಸ್ತು ಹೋದರೆ ಅದು ಹ್ಯಾಂಡ್. ‘ಶಿ ಹ್ಯಾಂಡೆಡ್ ಮಿ ದ ಕೀಸ್’ ಎಂದರೆ ಬೀಗದ ಕೈಗಳು ಕೈಯಿಂದ ಕೈಗೆ ಬಂದವು, ಅಷ್ಟೇ. ಅವು ಯಾರವು ಎಂಬ ಮಾತು ಅಲ್ಲಿಲ್ಲ. ಪಾಸ್‌ನಲ್ಲಿ ವಸ್ತು ಸಾಗುತ್ತಿರುತ್ತದೆ, ಕೊಡುವವರು ಆ ದಾರಿಯಲ್ಲಿ ಒಂದು ನಿಲ್ದಾಣ. ಊಟದ ಮೇಜಿನಲ್ಲಿ ದೂರದ ಉಪ್ಪಿನ ಡಬ್ಬಿ ಬೇಕಾದಾಗ ‘ಕುಡ್ ಯು ಪಾಸ್ ದ ಸಾಲ್ಟ್’ ಎನ್ನುವುದು ಇದಕ್ಕೇ. ಉಪ್ಪು ಪಕ್ಕದವರದ್ದಲ್ಲ, ಅವರ ಹತ್ತಿರ ಇದೆ ಅಷ್ಟೇ. ‘ಗಿವ್ ಮಿ ದ ಸಾಲ್ಟ್’ ಒರಟಾಗಿ ಕೇಳಿಸುತ್ತದೆ, ನಮ್ಮ ‘ಸ್ವಲ್ಪ ಉಪ್ಪು ಈ ಕಡೆ ಕೊಡಿ’ ಎಂಬ ಮಾತಿನ ಮೆದು ಅದರಲ್ಲಿಲ್ಲ.

ರಿಲೇ ಓಟದಲ್ಲಿ ಬ್ಯಾಟನ್ ‘ಪಾಸ್’ ಆಗುತ್ತದೆ ಎನ್ನುತ್ತಾರೆ. ನಾಲ್ಕು ಬಾರಿ ನೂರು ಮೀಟರ್ ಓಟದಲ್ಲಿ ಅದು 30 ಮೀಟರಿನ ಒಂದು ವಲಯದೊಳಗೇ ಆಗಬೇಕು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ನಿಯಮ ಇಲ್ಲಿ ಪಾಸ್ ಎಂಬುದಕ್ಕೆ ಎಷ್ಟು ಕರಾರುವಾಕ್ಕಾದ ಅರ್ಥ ಕೊಡುತ್ತದೆ ನೋಡಿ: ಪಡೆಯುವ ಓಟಗಾರರ ಕೈ ಬ್ಯಾಟನ್‌ಗೆ ಮೊದಲು ತಾಗಿದಾಗ ಪಾಸಿಂಗ್ ಶುರು, ಬ್ಯಾಟನ್ ಅವರೊಬ್ಬರ ಕೈಯಲ್ಲಿ ಮಾತ್ರ ಇದ್ದಾಗ ಮುಕ್ತಾಯ. ನಡುವಿನ ಆ ಕ್ಷಣದಲ್ಲಿ ಅದು ಇಬ್ಬರ ಕೈಯಲ್ಲೂ ಇರುತ್ತದೆ. ಪಾಸ್‌ನ ಸ್ವಭಾವ ಇದಕ್ಕಿಂತ ಚೆನ್ನಾಗಿ ಕಾಣುವ ಜಾಗ ನನಗೆ ಗೊತ್ತಿಲ್ಲ.

ಪಾಸ್‌ಗೆ ಆನ್ ಸೇರಿದರೆ ನಡುವಿನವರಾಗಿರುವುದು ಇನ್ನೂ ಖಚಿತವಾಗುತ್ತದೆ. ನಿಮಗೆ ಎಲ್ಲಿಂದಲೋ ಬಂದದ್ದನ್ನು ಮುಂದಿನವರಿಗೆ ದಾಟಿಸುವುದು ಪಾಸ್ ಆನ್. ಸುದ್ದಿ, ನೆಗಡಿ, ಹಳೆಯ ಪುಸ್ತಕ, ಬೆಲೆ ಇಳಿಕೆ, ಎಲ್ಲಕ್ಕೂ ಸಲ್ಲುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಇಳಿದಾಗ, ಇಳಿಕೆಯ ಲಾಭವನ್ನು ಕಂಪನಿಗಳು ಗ್ರಾಹಕರಿಗೆ ‘ಪಾಸ್ ಆನ್’ ಮಾಡಬೇಕು ಎಂಬ ಮಾತು ಎಲ್ಲೆಡೆ ಕೇಳಿಬಂತು. ಅಲ್ಲಿ ಗಿವ್ ಬಳಸಿದ್ದರೆ ಕಂಪನಿಗಳು ತಮ್ಮ ಜೇಬಿನಿಂದ ಕೊಡುತ್ತಿವೆ ಎಂದಾಗುತ್ತಿತ್ತು. ಲಾಭ ಬಂದದ್ದು ಸರ್ಕಾರ ಬಿಟ್ಟ ತೆರಿಗೆಯಿಂದ, ಕಂಪನಿಗಳು ನಡುವಿನವರು ಎನ್ನುವ ವಿಷಯವನ್ನು ಪಾಸ್ ಆನ್ ಒಂದೇ ಹೇಳಿಬಿಡುತ್ತದೆ. ಆದ್ದರಿಂದ ಮ್ಯಾನೇಜರ್ ಹೇಳಿದ ವಿಷಯವನ್ನು ತಂಡಕ್ಕೆ ಮುಟ್ಟಿಸಿದಿರಿ ಎಂದಾದರೆ ‘ಐ ಪಾಸ್ಡ್ ಇಟ್ ಆನ್ ಟು ದ ಟೀಮ್’ ಎಂದು ಬರೆಯಿರಿ.

ಒಂದು ಎಚ್ಚರಿಕೆ. ಪಾಸ್‌ಗೆ ಬೇರೆ ಬಾಲ ಅಂಟಿಸುವಾಗ ಹುಷಾರಾಗಿರಬೇಕು. ಪಾಸ್ ಔಟ್ ಎಂದರೆ ಹಂಚು ಎಂಬ ಅರ್ಥವೂ ಇದೆ, ಆದರೆ ಲಂಡನ್ನಿನಲ್ಲಾಗಲಿ ಅಮೆರಿಕದಲ್ಲಾಗಲಿ ‘ಐ ಪಾಸ್ಡ್ ಔಟ್ ಇನ್ 2019’ ಎಂದರೆ ಕೇಳಿದವರಿಗೆ ನೀವು ಆ ವರ್ಷ ಎಚ್ಚರ ತಪ್ಪಿ ಬಿದ್ದಿರಿ ಎಂದಾಗುತ್ತದೆ. ಓದು ಮುಗಿಸಿದ್ದಕ್ಕೆ ನಾವು ಭಾರತದಲ್ಲಿ ಬಳಸುವ ಆ ಮಾತು ಅಲ್ಲಿ ‘ಗ್ರಾಜುಯೇಟೆಡ್’. ಪಾಸ್ ಅವೇ ಎಂದರೆ ತೀರಿಕೊಳ್ಳುವುದು. ಪಾಸ್ ಆನ್‌ಗೂ ಆ ಅರ್ಥವುಂಟು, ಹಾಗಾಗಿ ಏನನ್ನು ದಾಟಿಸಿದಿರಿ ಎಂಬ ಕರ್ಮಪದವನ್ನು ಬಿಡಬೇಡಿ.

ಹ್ಯಾಂಡ್‌ಗೆ ಅಂಟುವ ಬಾಲಗಳು ಇನ್ನೂ ಉಪಯುಕ್ತ, ಏಕೆಂದರೆ ಅವು ದಿಕ್ಕನ್ನು ತೋರಿಸುತ್ತವೆ. ಹ್ಯಾಂಡ್ ಔಟ್ ಎಂದರೆ ಒಬ್ಬರು ಹಲವರಿಗೆ ಹಂಚುವುದು: ಮೇಷ್ಟ್ರು ಪ್ರಶ್ನೆಪತ್ರಿಕೆ ಹಂಚುತ್ತಾರಲ್ಲ, ಹಾಗೆ. ಹ್ಯಾಂಡ್ ಇನ್ ಅದರ ತಿರುವು: ಹಲವರು ಅಥವಾ ಒಬ್ಬರು, ಕೇಳುವ ಹಕ್ಕಿರುವ ಕಡೆಗೆ ತಂದೊಪ್ಪಿಸುವುದು. ಉತ್ತರಪತ್ರಿಕೆ, ರಾಜೀನಾಮೆ, ಬೀದಿಯಲ್ಲಿ ಸಿಕ್ಕಿದ ಪರ್ಸನ್ನು ಠಾಣೆಗೆ ಕೊಡುವುದು, ಎಲ್ಲ ಹ್ಯಾಂಡ್ ಇನ್. ಹ್ಯಾಂಡ್ ಡೌನ್ ಎಂದರೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವುದು. ಅಜ್ಜಿಯ ಕಾಸಿನ ಸರ, ಉಪ್ಪಿನಕಾಯಿ ಹಾಕುವ ಹದ, ಅಣ್ಣನ ಅಂಗಿ ತಮ್ಮನಿಗೆ ಬರುವುದು. ನ್ಯಾಯಾಲಯ ತೀರ್ಪು ಕೊಡುವುದಕ್ಕೂ ಹ್ಯಾಂಡ್ ಡೌನ್ ಇದೆ.

ಕೆಲಸ ಬಿಡುವವರು ಲ್ಯಾಪ್‌ಟಾಪ್ ವಾಪಸ್ ಕೊಟ್ಟರು ಎನ್ನುವುದಕ್ಕೆ ನಮ್ಮ ಕಚೇರಿಗಳಲ್ಲಿ ‘ಸಬ್ಮಿಟೆಡ್ ದ ಲ್ಯಾಪ್‌ಟಾಪ್’ ಎಂದು ಬರೆಯುವ ರೂಢಿ ಬಲವಾಗಿದೆ. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಹೊರದೇಶದ ಸಹೋದ್ಯೋಗಿ ಮಾತ್ರ ಹುಬ್ಬೇರಿಸುತ್ತಾರೆ. ಸಬ್ಮಿಟ್ ಮಾಡುವುದು ಪರಿಶೀಲನೆಗೋ ಒಪ್ಪಿಗೆಗೋ ಬೇಕಾದದ್ದನ್ನು: ಅರ್ಜಿ, ವರದಿ, ಟೆಂಡರು, ಪ್ರಬಂಧ. ಕನ್ನಡದ ‘ಸಲ್ಲಿಸು’ ಇದಕ್ಕೆ ಹೆಚ್ಚುಕಡಿಮೆ ಅಳತೆ ಮಾಡಿ ಹೊಲಿದ ಹಾಗಿದೆ. ‘ಅರ್ಜಿ ಸಲ್ಲಿಸಿದೆ’ ಎನ್ನುತ್ತೇವೆ, ‘ಲ್ಯಾಪ್‌ಟಾಪ್ ಸಲ್ಲಿಸಿದೆ’ ಎನ್ನುವುದಿಲ್ಲ. ಕನ್ನಡದಲ್ಲಿ ಸಲ್ಲಿಸು ಒಪ್ಪದ ಕಡೆ ಇಂಗ್ಲಿಷಿನಲ್ಲೂ ಸಬ್ಮಿಟ್ ಬೇಡ. ಲ್ಯಾಪ್‌ಟಾಪ್ ಕಂಪನಿಯದೇ ಆದ್ದರಿಂದ ರಿಟರ್ನ್ಡ್ ಸರಿ, ಹ್ಯಾಂಡೆಡ್ ಇನ್ ಕೂಡ ಸರಿ.

ಹ್ಯಾಂಡ್ ಓವರ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಇದರಲ್ಲಿ ವಸ್ತುವಿನ ಜೊತೆ ಅಧಿಕಾರ ಅಥವಾ ಹೊಣೆಯೂ ಕೈ ಬದಲಾಗುತ್ತದೆ. ಬಾಡಿಗೆ ಮನೆ ಖಾಲಿ ಮಾಡಿ ಮಾಲೀಕರಿಗೆ ಬೀಗದ ಕೈ ಕೊಡುವಾಗ ‘ಐ ಪಾಸ್ಡ್ ದ ಕೀಸ್’ ಸಾಲದು, ‘ಐ ಹ್ಯಾಂಡೆಡ್ ಓವರ್ ದ ಕೀಸ್’ ಎನ್ನಬೇಕು. ಬೀಗದ ಕೈ ಜೊತೆ ಮನೆಯ ವಶವೂ ಹೋಯಿತಲ್ಲ. ಆರೋಪಿಯನ್ನು ಪೊಲೀಸರಿಗೆ ಒಪ್ಪಿಸುವುದು, ಕಾಮಗಾರಿ ಮುಗಿಸಿ ಕಟ್ಟಡ ವಹಿಸಿಕೊಡುವುದು, ಸರ್ಕಾರಿ ಕಚೇರಿಯಲ್ಲಿ ಪ್ರಭಾರ ಬಿಟ್ಟುಕೊಡುವುದು ಎಲ್ಲ ಈ ಜಾತಿ. ಲ್ಯಾಟಿನ್ನಿನಲ್ಲಿ ಇದೇ ಅರ್ಥದ ‘ಟ್ರಾದೆರೆ’ ಎಂಬ ಕ್ರಿಯಾಪದದಿಂದ ಇಂಗ್ಲಿಷಿಗೆ ಎರಡು ಕವಲು ಬಂದಿವೆ. ಒಂದು ಟ್ರೆಡಿಶನ್, ಅಂದರೆ ಹಿರಿಯರು ಕಿರಿಯರಿಗೆ ಒಪ್ಪಿಸಿದ್ದು. ಇನ್ನೊಂದು ಟ್ರೀಸನ್ ಮತ್ತು ಬಿಟ್ರೇ, ಅಂದರೆ ತನ್ನವರನ್ನು ಶತ್ರುವಿಗೆ ಒಪ್ಪಿಸಿದ್ದು. ಯಾರಿಗೆ ಒಪ್ಪಿಸಿದರು ಎಂಬುದರ ಮೇಲೆ ಒಂದೇ ಕ್ರಿಯೆ ಪರಂಪರೆಯೂ ಆಯಿತು, ದ್ರೋಹವೂ ಆಯಿತು.

ವಸ್ತು ಮೊದಲು ಯಾರದಾಗಿತ್ತು ಎಂಬುದು ಎಷ್ಟು ಮುಖ್ಯ ಎನ್ನುವುದಕ್ಕೆ ನಮ್ಮದೇ ನೆಲದ ಚರಿತ್ರೆ ಒಳ್ಳೆಯ ಪಾಠ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಐವತ್ತು ವರ್ಷದ ಮೇಲೆ, 1881ರ ಮಾರ್ಚ್ 25ರಂದು, ಅದನ್ನು ಚಾಮರಾಜೇಂದ್ರ ಒಡೆಯರಿಗೆ ಕೊಟ್ಟರು. ಚರಿತ್ರೆಯ ಪುಸ್ತಕಗಳು ಇದನ್ನು ‘ರೆಂಡಿಷನ್ ಆಫ್ ಮೈಸೂರ್’ ಎನ್ನುತ್ತವೆ. ರೆಂಡರ್ ಎಂಬ ಕ್ರಿಯಾಪದದ ಮೂಲದಲ್ಲಿ ಮರಳಿ ಕೊಡುವ ಅರ್ಥವಿದೆ, ಅಂದರೆ ರಾಜ್ಯ ಮೊದಲಿನಿಂದ ಒಡೆಯರದೇ ಎಂಬ ಒಪ್ಪಿಗೆ ಆ ಹೆಸರಿನಲ್ಲಿದೆ. ಅಂದು ಕೊಟ್ಟ ದಾಖಲೆಯ ಹೆಸರು ಮಾತ್ರ ‘ಇನ್‌ಸ್ಟ್ರುಮೆಂಟ್ ಆಫ್ ಟ್ರಾನ್ಸ್‌ಫರ್’. ಟ್ರಾನ್ಸ್‌ಫರ್‌ನಲ್ಲಿ ಮರಳುವ ಮಾತಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು, ಕೊಡುವವರು ಹಾಕಿದ ಷರತ್ತುಗಳ ಸಮೇತ ಹೋಯಿತು. ಆಗಲೇ ಬೆಂಗಳೂರಿನ ದಂಡು ಪ್ರದೇಶವನ್ನು ಮಹಾರಾಜರು ಬ್ರಿಟಿಷರಿಗೆ ‘ಅಸೈನ್’ ಮಾಡಿದರು. ಒಡೆತನ ಇವರದು, ಆಡಳಿತ ಅವರದು. 1947ರ ಜುಲೈಯಲ್ಲಿ ಅದು ಮೈಸೂರಿಗೆ ಮರಳಿದಾಗ ಅದಕ್ಕೆ ಬಳಸಿದ ಪದ ‘ರೆಟ್ರೊಸೆಷನ್’. ರೆಂಡರ್, ಟ್ರಾನ್ಸ್‌ಫರ್, ಅಸೈನ್, ರೆಟ್ರೊಸೀಡ್ ಎಲ್ಲವನ್ನೂ ಕನ್ನಡದಲ್ಲಿ ‘ಕೊಟ್ಟರು’ ಎಂದು ಬರೆದರೆ ವಾಕ್ಯವೇನೋ ಸರಿಯೇ, ಯಾರ ಹಕ್ಕು ಎಲ್ಲಿತ್ತು ಎಂಬ ರಾಜಕಾರಣ ಮಾತ್ರ ಕಾಣದೆ ಹೋಗುತ್ತದೆ.

ಸೀಡ್ ಎಂದರೆ ಒಪ್ಪಂದದ ಬಲದಿಂದ, ಬಹಳ ಸಲ ಮನಸ್ಸಿಲ್ಲದೆ, ಪ್ರದೇಶ ಬಿಟ್ಟುಕೊಡುವುದು. 1800ರಲ್ಲಿ ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟ ಬಳ್ಳಾರಿ ಮತ್ತದರ ಸುತ್ತಲಿನ ಜಿಲ್ಲೆಗಳನ್ನು ‘ಸೀಡೆಡ್ ಡಿಸ್ಟ್ರಿಕ್ಟ್ಸ್’ ಎಂದು ಕರೆದರು, ತೆಲುಗಿನಲ್ಲಿ ‘ದತ್ತ ಮಂಡಲ’. ಯಾರೋ ಯಾರಿಗೋ ಕೊಟ್ಟ ನಾಡು ಎಂಬ ಆ ಹೆಸರು ಅಲ್ಲಿಯವರಿಗೆ ಹಿಡಿಸಲಿಲ್ಲ. 1928ರಲ್ಲಿ ನಂದ್ಯಾಲದ ಸಭೆಯಲ್ಲಿ ಅದನ್ನು ಬಿಟ್ಟು ‘ರಾಯಲಸೀಮ’ ಎಂಬ ಹೆಸರು ಇಟ್ಟುಕೊಂಡರು. ಹಾಂಗ್‌ಕಾಂಗ್‌ನಲ್ಲಿ 1997ರ ಜುಲೈ 1ರಂದು ನಡೆದದ್ದನ್ನು ಇಂಗ್ಲಿಷ್ ಪತ್ರಿಕೆಗಳು ‘ಹ್ಯಾಂಡೋವರ್’ ಎಂದರೆ, ಚೀನಾ ಅದನ್ನು ‘ಮರಳುವಿಕೆ’ ಎಂದೇ ಕರೆಯಿತು. ಅವರವರ ಲೆಕ್ಕದಲ್ಲಿ ಅದು ಮೊದಲು ಯಾರದಾಗಿತ್ತು ಎಂಬುದು ಆ ಪದದಲ್ಲೇ ಇದೆ.

ಇದೇ ಬಳಗದ ಸರೆಂಡರ್ ಹೊರದೇಶದಲ್ಲಿರುವ ಕನ್ನಡಿಗರಿಗೆ ಚೆನ್ನಾಗಿ ಪರಿಚಯ. ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪಾಸ್‌ಪೋರ್ಟನ್ನು ಸರೆಂಡರ್ ಮಾಡಬೇಕು. ಅಲ್ಲಿ ರಿಟರ್ನ್ ಎನ್ನುವುದಿಲ್ಲ, ಏಕೆಂದರೆ ಪುಸ್ತಕದ ಜೊತೆಗೆ ಅದನ್ನು ಇಟ್ಟುಕೊಳ್ಳುವ ಹಕ್ಕನ್ನೂ ಬಿಟ್ಟುಕೊಡುತ್ತೀರಿ. ಗಿವ್ ಅಪ್ ಅದರ ಆಡುಮಾತಿನ ರೂಪ. 2015ರಲ್ಲಿ ಅಡುಗೆ ಅನಿಲದ ಸಬ್ಸಿಡಿ ಬಿಡಲು ಕೇಂದ್ರ ಸರ್ಕಾರ ನಡೆಸಿದ ಪ್ರಚಾರದ ಹೆಸರು ‘ಗಿವ್ ಇಟ್ ಅಪ್’. ಯಾರಿಗೆ ಕೊಟ್ಟಿರಿ ಎಂಬುದು ಅಲ್ಲಿ ಮುಖ್ಯವೇ ಅಲ್ಲ, ನಿಮ್ಮದನ್ನು ಬಿಟ್ಟಿರಿ ಎಂಬುದಷ್ಟೇ.

ಡೆಲಿವರ್‌ಗೆ ಬರೋಣ. ಪಾರ್ಸೆಲ್ ಕೊಟ್ಟು ಹೋದವರು ಪಾರ್ಸೆಲ್ಲಿನ ಒಡೆಯರಲ್ಲ, ಕಳಿಸಿದವರೂ ಅಲ್ಲ. ಹೇಳಿದ ಜಾಗಕ್ಕೆ ಮುಟ್ಟಿಸುವ ಹೊಣೆ ಮಾತ್ರ ಅವರದು. ಈ ಪದ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಬಿಡುಗಡೆ ಮಾಡು’ ಎಂಬ ಕ್ರಿಯಾಪದದಿಂದ ಬಂದದ್ದು. ಅದು ತಿಳಿದರೆ ಇದರ ಚೆಲ್ಲಾಪಿಲ್ಲಿ ಅರ್ಥಗಳೆಲ್ಲ ಒಂದೆಡೆ ಕೂಡುತ್ತವೆ. ಪಾರ್ಸೆಲ್ ಮುಟ್ಟಿಸಿದವರು ಹೊಣೆಯಿಂದ ಬಿಡುಗಡೆ. ಹೆರಿಗೆಯನ್ನೂ ಡೆಲಿವರಿ ಎನ್ನುತ್ತಾರೆ. ಭಾಷಣ ಡೆಲಿವರ್ ಮಾಡುತ್ತಾರೆ, ಒಳಗಿದ್ದ ಮಾತು ಹೊರಬಂತು. ಕ್ರೈಸ್ತರ ಪ್ರಾರ್ಥನೆಯ ‘ಡೆಲಿವರ್ ಅಸ್ ಫ್ರಮ್ ಈವಿಲ್’ನಲ್ಲಿ ಹಳೆಯ ಅರ್ಥ ಹಾಗೇ ಉಳಿದಿದೆ. ಗೆಳತಿಗೆ ನೀವೇ ಹುಟ್ಟುಹಬ್ಬದ ಉಡುಗೊರೆ ಕೊಟ್ಟರೆ ಅದು ಗಿವ್, ಅಂಗಡಿಯವರು ಅದನ್ನು ಅವರ ಮನೆಗೆ ತಂದುಕೊಟ್ಟರೆ ಡೆಲಿವರ್. ಇನ್ನು ನಮ್ಮ ‘ಬಟವಾಡೆ’ ಇಂಗ್ಲಿಷಿನಲ್ಲಿ ಮೂರಾಗಿ ಒಡೆಯುತ್ತದೆ: ಅಂಚೆಯ ಬಟವಾಡೆ ಡೆಲಿವರ್, ಸಂಬಳದ ಬಟವಾಡೆ ಡಿಸ್ಬರ್ಸ್, ಹಲವರಿಗೆ ವಸ್ತು ಹಂಚುವುದು ಡಿಸ್ಟ್ರಿಬ್ಯೂಟ್.

ಕೊಡುವವರು ಮೇಲೆ, ಪಡೆಯುವವರು ಕೆಳಗೆ ಎಂಬ ಭಾವ ಇರುವ ಪದಗಳು ಬೇರೆಯೇ ಇವೆ. ಗ್ರಾಂಟ್ ಎಂದರೆ ಕೇಳಿದ್ದನ್ನು ಕೊಡುವ ಅಧಿಕಾರ ಇರುವವರು ಮಂಜೂರು ಮಾಡುವುದು. ರಜೆ, ಜಾಮೀನು, ವೀಸಾ, ಅನುದಾನ ಎಲ್ಲ ಗ್ರಾಂಟ್ ಆಗುತ್ತವೆ. ನಮ್ಮ ಶಾಸನಗಳಲ್ಲಿ ‘ಧಾರಾಪೂರ್ವಕಂ ಮಾಡಿ ಕೊಟ್ಟರು’ ಎಂದು ಬರುವ ಭೂದಾನಗಳಿಗೆ ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಪುಟಗಳ ಇಂಗ್ಲಿಷ್ ಅನುವಾದದಲ್ಲಿ ಬಳಸಿದ್ದು ಗ್ರಾಂಟ್ ಎಂಬ ಪದವನ್ನೇ. ಒಳ್ಳೆಯ ಆಯ್ಕೆ ಅದು. ಕೊಡುವವರು ರಾಜರೋ ಅಧಿಕಾರಿಯೋ ಆಗಿರುತ್ತಿದ್ದರು, ನೀರು ಎರೆದಮೇಲೆ ಹಿಂದಕ್ಕೆ ಪಡೆಯುವಂತಿರಲಿಲ್ಲ. ಗ್ರಾಂಟ್‌ನಲ್ಲಿ ಆ ಅಧಿಕಾರ ಬರುತ್ತದೆ, ಎರೆದ ನೀರು ಬರುವುದಿಲ್ಲ. ಹಾಗಾಗಿ ಅನುವಾದಕರು ಅದನ್ನು ಪ್ರತ್ಯೇಕವಾಗಿ ಬರೆಯಬೇಕಾಗುತ್ತದೆ.

ಪ್ರಶಸ್ತಿಗಳ ವಿಷಯದಲ್ಲಿ ಅವಾರ್ಡ್ ಎಂಬುದು ನಿರ್ಣಯ, ಪ್ರೆಸೆಂಟ್ ಎಂಬುದು ವೇದಿಕೆಯ ಮೇಲೆ ಕೈಗಿಡುವುದು. ಕುವೆಂಪು ಅವರಿಗೆ 1967ರ ಜ್ಞಾನಪೀಠ ‘ಅವಾರ್ಡ್’ ಆಯಿತು. ಸಮಾರಂಭದಲ್ಲಿ ಅದನ್ನು ಕೈಗಿತ್ತವರು ಮಾಡಿದ್ದು ‘ಪ್ರೆಸೆಂಟ್’. ಪದವಿ, ಬಿರುದುಗಳಿಗೆ ಕನ್ಫರ್, ಅದರ ಹಿಂದೆ ಯಾವಾಗಲೂ ಆನ್. ಬಿಸ್ಟೋ ಎನ್ನುವುದು ಕಾವ್ಯದ ಪೀಠದಲ್ಲಿ ಕೂತಿರುವ ಪದ, ನಮ್ಮ ‘ದಯಪಾಲಿಸು’ ಇದ್ದ ಹಾಗೆ. ಇಮೇಲ್‌ಗೆ ಬೇಡ. 2025ರ ಅಂತರರಾಷ್ಟ್ರೀಯ ಬೂಕರ್ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅವರಿಗೆ ಬಂದಾಗ 50,000 ಪೌಂಡನ್ನು ಲೇಖಕಿ ಮತ್ತು ಅನುವಾದಕಿ ಸಮವಾಗಿ ‘ಶೇರ್’ ಮಾಡಿಕೊಂಡರು. ಅಲ್ಲಿ ‘ಡಿಸ್ಟ್ರಿಬ್ಯೂಟ್’ ಹಾಕಿದರೆ ಅವರಿಬ್ಬರು ಆ ಹಣವನ್ನು ಬೇರೆಯವರಿಗೆ ಹಂಚಿದಂತಾಗುತ್ತದೆ.

ಮೇಲು ಕೀಳಿನ ಈ ಲೆಕ್ಕ ದ್ರಾವಿಡ ಭಾಷೆಗಳಿಗೆ ಹೊಸದಲ್ಲ. ಹಳೆಯ ತಮಿಳು ವ್ಯಾಕರಣ ತೊಲ್ಕಾಪ್ಪಿಯಂ ಕೊಡುವುದಕ್ಕೆ ಮೂರು ಕ್ರಿಯಾಪದ ಹೇಳುತ್ತದೆ: ಬೇಡುವವನು ಕೆಳಗಿನವನಾದರೆ ‘ಈ’, ಸಮಾನನಾದರೆ ‘ತಾ’, ಮೇಲಿನವನಾದರೆ ‘ಕೊಡು’. ಮಲಯಾಳದಲ್ಲಿ ಇಂದಿಗೂ ‘ನನಗೆ, ನಿನಗೆ ಕೊಡು’ ಎನ್ನುವುದಕ್ಕೆ ಒಂದು ಧಾತು, ‘ಅವನಿಗೆ ಕೊಡು’ ಎನ್ನುವುದಕ್ಕೆ ಇನ್ನೊಂದು. ಕನ್ನಡದಲ್ಲಿ ‘ಈ’ ಎಂಬುದು ‘ಇತ್ತ’, ‘ಈವ’ ಎಂಬ ಕಾವ್ಯರೂಪಗಳಲ್ಲಿ ಉಳಿಯಿತು, ‘ತಾ’ ತರುವುದಕ್ಕೆ ಹೋಯಿತು, ಹೊರೆಯೆಲ್ಲ ‘ಕೊಡು’ವಿನ ಮೇಲೆ ಬಿತ್ತು. ನಿಮ್ಮ ಗೊಂದಲಕ್ಕೆ ಇದೂ ಒಂದು ಕಾರಣ.

ಆಸ್ತಿಯ ಮಾತಿನಲ್ಲಿ ಪದ ತಪ್ಪಿದರೆ ಅರ್ಥವಷ್ಟೇ ಅಲ್ಲ, ಹಕ್ಕೂ ಅದಲುಬದಲಾಗುತ್ತದೆ. ‘ತಂದೆ ಮನೆ ಕೊಟ್ಟರು’ ಎಂಬುದನ್ನು ಇಂಗ್ಲಿಷಿಗೆ ತರುವಾಗ, ಬದುಕಿದ್ದಾಗ ದಾನಪತ್ರ ಮಾಡಿಕೊಟ್ಟರೋ, ಉಯಿಲಿನಲ್ಲಿ ಬರೆದಿಟ್ಟರೋ, ಏನೂ ಬರೆಯದೆ ತೀರಿಕೊಂಡಾಗ ಬಂತೋ ಕೇಳಿಕೊಳ್ಳಿ. ದಾನಪತ್ರವಾದರೆ ಗಿಫ್ಟ್. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 122ನೆಯ ಕಲಂ ಪ್ರಕಾರ ಗಿಫ್ಟ್ ಎಂದರೆ ಪ್ರತಿಫಲವಿಲ್ಲದೆ, ಸ್ವಇಚ್ಛೆಯಿಂದ ಕೊಟ್ಟದ್ದು. ಅದನ್ನು ಪಡೆಯುವವರು ಒಪ್ಪಿಕೊಳ್ಳಬೇಕು, ಕೊಟ್ಟವರು ಬದುಕಿರುವಾಗಲೇ ಒಪ್ಪಿಕೊಳ್ಳಬೇಕು. ಗಿವ್ ಬಗ್ಗೆ ಮೇಲೆ ಹೇಳಿದೆನಲ್ಲ, ಸ್ವೀಕಾರವಿಲ್ಲದೆ ಅದು ಮುಗಿಯುವುದಿಲ್ಲವೆಂದು. ಕಾನೂನು ಹೇಳುವುದೂ ಅದನ್ನೇ. ಉಯಿಲಾದರೆ ಬಿಕ್ವೀದ್, ಮಾತಿನಲ್ಲಿ ಲೀವ್: ‘ಹಿಸ್ ಫಾದರ್ ಲೆಫ್ಟ್ ಹಿಮ್ ದ ಹೌಸ್’. ಉಯಿಲು ಜಾರಿಗೆ ಬರುವುದು ಬರೆದವರ ಕಾಲಾನಂತರ, ಅಲ್ಲಿಯವರೆಗೆ ಅವರು ಅದನ್ನು ಬದಲಿಸಬಹುದು. ಆದ್ದರಿಂದ ಬದುಕಿರುವ ತಂದೆಯ ಬಗ್ಗೆ ‘ಬಿಕ್ವೀದ್ಡ್’ ಎಂದು ಬರೆದಾಗ ಮಗನಿಗೆ ಮನೆ ಇನ್ನೂ ಬಂದಿಲ್ಲ. ಏನೂ ಬರೆಯದೆ ಹೋದರೆ ‘ದ ಹೌಸ್ ಪಾಸ್ಡ್ ಟು ಹಿಮ್’. ಖಾತೆ ಬದಲಾವಣೆ ಇವೆಲ್ಲದರ ನಂತರದ ಕೆಲಸ, ಅದಕ್ಕೆ ಟ್ರಾನ್ಸ್‌ಫರ್ ಸರಿ.

ಕೊಟ್ಟದ್ದು ವಾಪಸ್ ಬರಬೇಕಾದರೆ ಲೆಂಡ್. ಕೊಡುವವರು ಲೆಂಡ್ ಮಾಡುತ್ತಾರೆ, ಪಡೆಯುವವರು ಬಾರೋ ಮಾಡುತ್ತಾರೆ. ‘ಬಾರೋ ಮಿ ಯುವರ್ ಪೆನ್’ ಎಂಬುದು ದಿಕ್ಕು ತಪ್ಪಿದ ವಾಕ್ಯ. ಕನ್ನಡ ಇಲ್ಲಿ ಇಂಗ್ಲಿಷಿಗಿಂತ ನಾಜೂಕು. ಹಣವಾದರೆ ಸಾಲ, ಅದೇ ವಸ್ತು ಹಾಗೇ ಮರಳಬೇಕಾದರೆ ಎರವಲು, ಬಡ್ಡಿ ಪತ್ರಗಳ ಗೊಡವೆಯಿಲ್ಲದೆ ನಾಲ್ಕು ದಿನಕ್ಕೆ ಪಡೆದ ಹಣ ಕೈಗಡ. ಇಂಗ್ಲಿಷಿನಲ್ಲಿ ಮೂರಕ್ಕೂ ಲೆಂಡ್ ಒಂದೇ. ‘ಹ್ಯಾಂಡ್ ಲೋನ್’ ಎಂದು ನಾವು ಬರೆಯುವುದು ಭಾರತದ ಹೊರಗೆ ಅರ್ಥವಾಗುವುದು ಕಷ್ಟ.

ಇನ್ನು ವ್ಯಾಕರಣ. ಕನ್ನಡದಲ್ಲಿ ‘ಗೆ’ ಪ್ರತ್ಯಯ ಹಚ್ಚಿದರೆ ಸಾಕು, ಯಾವ ಕ್ರಿಯಾಪದದ ಜೊತೆಗಾದರೂ ‘ನನಗೆ’ ನಡೆಯುತ್ತದೆ. ಇಂಗ್ಲಿಷಿನಲ್ಲಿ ಹಾಗೆ ನಡೆಯದಿರುವುದಕ್ಕೆ ಚರಿತ್ರೆಯ ಕಾರಣವಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಮೇಲೆ ಫ್ರೆಂಚ್, ಲ್ಯಾಟಿನ್ ಮೂಲದ ಪದಗಳು ರಾಶಿರಾಶಿಯಾಗಿ ಬಂದವು. ಮೊದಲೇ ಮನೆಯಲ್ಲಿದ್ದ ಗಿವ್, ಸೆಂಡ್, ಲೆಂಡ್, ಟೆಲ್‌ನಂಥ ಗಿಡ್ಡ ಕ್ರಿಯಾಪದಗಳು ‘ಗಿವ್ ಮಿ ದ ಫೈಲ್’ ಎಂದು ವ್ಯಕ್ತಿಯನ್ನು ನೇರವಾಗಿ ಪಕ್ಕಕ್ಕೆ ಕೂರಿಸಿಕೊಳ್ಳುತ್ತವೆ. ಹ್ಯಾಂಡ್, ಪಾಸ್ ಕೂಡ ಅವುಗಳ ಸಾಲಿಗೇ ಸೇರಿವೆ. ಡೊನೇಟ್, ಡೆಲಿವರ್, ಸಬ್ಮಿಟ್, ಟ್ರಾನ್ಸ್‌ಫರ್, ಎಕ್ಸ್‌ಪ್ಲೇನ್, ಕನ್ವೇ ಮೊದಲಾದ ಹೊರಗಿನಿಂದ ಬಂದ ಉದ್ದ ಪದಗಳಿಗೆ ನಡುವೆ ಟು ಬೇಕೇ ಬೇಕು. ‘ಎಕ್ಸ್‌ಪ್ಲೇನ್ ಮಿ’ ತಪ್ಪು, ‘ಎಕ್ಸ್‌ಪ್ಲೇನ್ ಇಟ್ ಟು ಮಿ’ ಸರಿ. ‘ಐ ವಿಲ್ ಕನ್ವೇ ಹಿಮ್’ ತಪ್ಪು, ‘ಐ ವಿಲ್ ಕನ್ವೇ ಯುವರ್ ಮೆಸೇಜ್ ಟು ಹಿಮ್’ ಸರಿ. ಆಫರ್, ಗ್ರಾಂಟ್, ಅವಾರ್ಡ್, ಅಸೈನ್ ಈ ನಿಯಮಕ್ಕೆ ಹೊರತು. ಹೊರಗಿನಿಂದ ಬಂದರೂ ಮನೆಯವರಂತೆ ನಡೆದುಕೊಳ್ಳುತ್ತವೆ. ಅವನ್ನು ಬಾಯಿಪಾಠ ಮಾಡುವುದೇ ದಾರಿ.

ಮೂರನೆಯ ಗುಂಪಿಗೆ ವಿತ್ ಬೇಕು: ಪ್ರೊವೈಡ್, ಸಪ್ಲೈ, ಎಂಟ್ರಸ್ಟ್, ಎಂಡೋ. ‘ಪ್ಲೀಸ್ ಪ್ರೊವೈಡ್ ಮಿ ದ ಡೀಟೇಲ್ಸ್’ ಎಂದು ನಮ್ಮಲ್ಲಿ ಎಲ್ಲರೂ ಬರೆಯುತ್ತಾರೆ, ಅಮೆರಿಕದಲ್ಲೂ ಕೇಳಿಬರುತ್ತದೆ. ಆದರೂ ‘ಪ್ರೊವೈಡ್ ಮಿ ವಿತ್ ದ ಡೀಟೇಲ್ಸ್’ ಎಂದು ಬರೆದರೆ ಎಲ್ಲಿಯೂ ಆಕ್ಷೇಪ ಬರದು. ಇನ್ನೂ ಹಗುರವಾಗಿ ‘ಪ್ಲೀಸ್ ಸೆಂಡ್ ಮಿ ದ ಡೀಟೇಲ್ಸ್’ ಎಂದರೆ ಮತ್ತೂ ಚೆನ್ನ. ಎಂಡೋ ನಮ್ಮ ‘ದತ್ತಿ’ಗೆ ಸರಿಹೊಂದುತ್ತದೆ: ಮೂಲಧನ ಇಟ್ಟು ಅದರ ಬಡ್ಡಿಯಲ್ಲಿ ಕೆಲಸ ನಡೆಯುವಂತೆ ಮಾಡುವುದು. ದತ್ತಿ ಉಪನ್ಯಾಸವನ್ನು ಎಂಡೋಮೆಂಟ್ ಲೆಕ್ಚರ್ ಎನ್ನುವುದು ಅದಕ್ಕೇ.

ಕೊನೆಯದಾಗಿ ಶೇರ್, ಫಾರ್ವರ್ಡ್ ಮತ್ತು ಕನ್ವೇ. ಈಗ ಕಚೇರಿಗಳಲ್ಲಿ ಎಲ್ಲವೂ ಶೇರ್ ಆಗಿಬಿಟ್ಟಿದೆ: ಫೈಲ್ ಶೇರ್ ಮಾಡಿ, ನಂಬರ್ ಶೇರ್ ಮಾಡಿ, ವಿಳಾಸ ಶೇರ್ ಮಾಡಿ. ಶೇರ್ ಮಾಡಿದ್ದು ನಿಮ್ಮ ಹತ್ತಿರವೂ ಉಳಿಯುತ್ತದೆ, ಅದು ಅದರ ಗುಣ. ಆದ್ದರಿಂದ ಫೈಲಿನ ಲಿಂಕಿಗೆ ಶೇರ್ ಸರಿಯಾಗಿಯೇ ಇದೆ, ಆದರೆ ಸಹಿ ಹಾಕಿದ ಮೂಲ ಒಪ್ಪಂದಪತ್ರವನ್ನು ಕೊರಿಯರ್‌ನಲ್ಲಿ ಕಳಿಸಿದಾಗ ‘ಐ ಹ್ಯಾವ್ ಶೇರ್ಡ್ ದ ಅಗ್ರಿಮೆಂಟ್’ ಎಂದು ಬರೆದರೆ ಅವರು ಇಮೇಲ್ ಅಟ್ಯಾಚ್‌ಮೆಂಟ್ ಹುಡುಕುತ್ತಾ ಕೂರುತ್ತಾರೆ. ಅಲ್ಲಿ ಸೆಂಟ್ ಬೇಕು. ನಿಮಗೆ ಬಂದ ಇಮೇಲನ್ನು ಒಂದಕ್ಷರ ಬದಲಿಸದೆ ಮುಂದಕ್ಕೆ ತಳ್ಳಿದರೆ ಫಾರ್ವರ್ಡ್. ಅದರ ಸಾರವನ್ನು ನಿಮ್ಮ ಮಾತಿನಲ್ಲಿ ಹೇಳಿದರೆ ಕನ್ವೇ ಅಥವಾ ಪಾಸ್ ಆನ್. ಗ್ರಾಹಕರ ದೂರನ್ನು ತಂಡಕ್ಕೆ ತಿಳಿಸುವಾಗ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ‘ಐ ಫಾರ್ವರ್ಡೆಡ್ ದ ಕಂಪ್ಲೇಂಟ್’ ಎಂದರೆ ಗ್ರಾಹಕರ ಮಾತು ಹಾಗೇ ಅವರ ಮುಂದಿದೆ, ‘ಐ ಕನ್ವೇಡ್ ದ ಕಂಪ್ಲೇಂಟ್’ ಎಂದರೆ ಅವರ ಮುಂದಿರುವುದು ನೀವು ಹೇಳಿದ ರೂಪ, ಅದರಲ್ಲೇನಾದರೂ ಬಿಟ್ಟುಹೋಗಿದ್ದರೆ ಉತ್ತರ ಹೇಳಬೇಕಾದವರು ನೀವು.